ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಆಮೇಲೆ ಹೇಳಿ

ವೀಸಾ ಕಾಗದಪತ್ರ ನೋಡಿಕೊಳ್ಳುವ ನನಗೆ ಹೋದ ತಿಂಗಳು ಹಾಸನದಿಂದ ಒಂದು ಫೋನು. "ಸಾರ್, ನಮ್ಮ ಅಳಿಯಂದಿರದು ಯುರೋಪ್ ಪಾಸ್‌ಪೋರ್ಟು. ಮಗಳಿಗೆ ವೀಸಾ ಫ್ರೀ ಅಲ್ವಾ?"

ಯಾವ ದೇಶದ ಪೌರರು ಅಂತ ಕೇಳಿದೆ. ನೆದರ್ಲೆಂಡ್ಸ್. ಈಗ ಇರೋದೆಲ್ಲಿ? ಅಲ್ಲೇ, ಐಂಡ್‌ಹೋವನ್‌ನಲ್ಲಿ. ಹಾಗಾದರೆ ಮಗಳು ಹೊರಡುವ ಮೊದಲು ಡಚ್ ಭಾಷೆಯ ಪರೀಕ್ಷೆ ಪಾಸಾಗಬೇಕು ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಂತು ನೋಡಿ: "ಅವಳ ಓರಗಿತ್ತಿಗೆ ಇದ್ಯಾವುದೂ ಇರಲಿಲ್ವಲ್ಲ ಸಾರ್!"

ಇರಲಿಲ್ಲ, ನಿಜ. ಅಳಿಯನ ತಮ್ಮ ಡಬ್ಲಿನ್‌ನಲ್ಲಿ ದುಡಿದು ಐರಿಶ್ ಪೌರನಾದವನು. ಆಮೇಲೆ ಕೆಲಸ ಸಿಕ್ಕಿ ಐಂಡ್‌ಹೋವನ್‌ಗೆ ಬಂದ. ಅವನ ಹೆಂಡತಿಗೆ ವೀಸಾ ಶುಲ್ಕ ಇಲ್ಲ, ಭಾಷಾ ಪರೀಕ್ಷೆ ಇಲ್ಲ. ಅಣ್ಣನ ಹೆಂಡತಿಗೆ ಎರಡೂ ಇದೆ. ಜೊತೆಗೆ ಅಣ್ಣನ ಸಂಬಳ ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಬೇರೆ. ಒಂದೇ ಊರು, ಒಂದೇ ಅತ್ತೆ, ಕಾನೂನು ಮಾತ್ರ ಎರಡು.

ಈ ಒಂದು ವಿಷಯ ನಾನು ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ. ಜನ ತಲೆಯಾಡಿಸುತ್ತಾರೆ, ಮರುದಿನ ಅದನ್ನೇ ಕೇಳುತ್ತಾರೆ. ಆದ್ದರಿಂದ ಇನ್ನೊಮ್ಮೆ. ಐರೋಪ್ಯ ಒಕ್ಕೂಟದ 2004ರ ನಿರ್ದೇಶನ, ನಮ್ಮ ಕಸುಬಿನವರು 2004/38 ಅಂತ ಕರೆಯೋದು, ತನ್ನ ದೇಶ ಬಿಟ್ಟು ಒಕ್ಕೂಟದ ಇನ್ನೊಂದು ದೇಶದಲ್ಲಿ ನೆಲೆಸಿದ ಪೌರನಿಗೆ ಮತ್ತು ಅವನ ಕುಟುಂಬಕ್ಕೆ. ತನ್ನ ದೇಶದಲ್ಲೇ ಕೂತವನಿಗಲ್ಲ. ಅಂದರೆ ಈ ಸೌಲಭ್ಯ ಕೊಡೋದು ಪಾಸ್‌ಪೋರ್ಟ್ ಒಂದೇ ಅಲ್ಲ, ಗಡಿ ದಾಟಿರಬೇಕು. ಐರಿಶ್ ಪೌರ ನೆದರ್ಲೆಂಡ್ಸ್‌ನಲ್ಲಿದ್ದರೆ ಐರೋಪ್ಯ ನಿಯಮ. ಡಚ್ ಪೌರ ನೆದರ್ಲೆಂಡ್ಸ್‌ನಲ್ಲಿದ್ದರೆ ಡಚ್ ನಿಯಮ. ಅದೇ ಡಚ್ ಪೌರ ಬರ್ಲಿನ್‌ನಲ್ಲಿ ಕೆಲಸಕ್ಕಿದ್ದರೆ? ಮತ್ತೆ ಐರೋಪ್ಯ ನಿಯಮ. ನೆಂಟರಿಗೆ ಹೋಳಿಗೆ, ಮನೆಮಗನಿಗೆ ನಿನ್ನೆಯ ಸಾರು. ಇದು ನ್ಯಾಯವಾ ಅಂತ ನನ್ನನ್ನು ಕೇಳಬೇಡಿ, ನಾನು ಫಾರಂ ತುಂಬುವವನು.

ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಈಗಲೂ ಬರುವವರಿದ್ದಾರೆ. ಸ್ವಾಮಿ, ಬ್ರಿಟನ್ ಒಕ್ಕೂಟ ಬಿಟ್ಟದ್ದು 2020ರಲ್ಲಿ.

ಹಾಸನದವರು ಸುಮ್ಮನಾಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಫೋನು. "ಬೆಲ್ಜಿಯಂ ಪಕ್ಕದಲ್ಲೇ ಇದೆಯಂತೆ. ಅಳಿಯಂದಿರು ಅಲ್ಲಿ ಒಂದು ರೂಮ್ ಮಾಡಿದರೆ?" ಯಾರೋ ಹೇಳಿಕೊಟ್ಟಿದ್ದಾರೆ. ಪಕ್ಕದ ದೇಶದಲ್ಲಿ ನೆಲೆಸಿ, ಐರೋಪ್ಯ ಹಕ್ಕಿನೊಂದಿಗೆ ಮರಳುವ ಈ ದಾರಿ ನಿಜಕ್ಕೂ ಇದೆ, ಮತ್ತು ಅದರ ಮೂಲದಲ್ಲಿ ಇರೋದು ನಮ್ಮ ದೇಶದವರೇ. ಸುರಿಂದರ್ ಸಿಂಗ್ ಎಂಬ ಭಾರತೀಯ. ಹೆಂಡತಿ ಬ್ರಿಟಿಷ್. ಇಬ್ಬರೂ 1983ರಿಂದ 1985ರವರೆಗೆ ಜರ್ಮನಿಯಲ್ಲಿ ಕೆಲಸ ಮಾಡಿ ಬ್ರಿಟನ್‌ಗೆ ಮರಳಿದರು. ಹಾಗೆ ಮರಳುವವರ ಸಂಗಾತಿಗೂ ಐರೋಪ್ಯ ಹಕ್ಕು ಉಂಟು ಅಂತ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯ 1992ರಲ್ಲಿ ತೀರ್ಪು ಕೊಟ್ಟಿತು. ಆದರೆ ಅದೇ ನ್ಯಾಯಾಲಯ 2014ರಲ್ಲಿ, ನೆದರ್ಲೆಂಡ್ಸ್‌ನದೇ ಕೇಸುಗಳಲ್ಲಿ, ವಾರಾಂತ್ಯಕ್ಕೆ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ ಎಂದಿತು. ಮೂರು ತಿಂಗಳಿಗೂ ಮೀರಿ ಅಲ್ಲಿ ನಿಜವಾಗಿ ನೆಲೆಸಿ ಸಂಸಾರ ಮಾಡಿರಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಅಂಗಡಿ ರಸೀದಿ, ಎಲ್ಲ ಕೇಳಬಹುದು. ಬೀಗ ಹಾಕಿದ ರೂಮಿಗೆ ಕರೆಂಟ್ ಬಿಲ್ ಎಷ್ಟು ಬರುತ್ತೆ, ನೀವೇ ಹೇಳಿ. ನಿಮ್ಮ ಕಾಗದ ನೋಡದೆ ನಾನು ಹೌದು ಅನ್ನಲ್ಲ, ಇಲ್ಲ ಅಂತಲೂ ಅನ್ನಲ್ಲ.

ಓರಗಿತ್ತಿಯ ಪಾಡೂ ಬರೀ ಹೋಳಿಗೆಯಲ್ಲ. ಅವಳ ಹಕ್ಕು ಗಂಡನ ಹಕ್ಕಿಗೆ ಜೋತುಬಿದ್ದಿದೆ. ಅವನಿಗೆ ಕೆಲಸ ಇರಬೇಕು, ಇಲ್ಲವೇ ಸಾಕಷ್ಟು ದುಡ್ಡು ಮತ್ತು ಆರೋಗ್ಯ ವಿಮೆ. ಅರ್ಜಿ ಹಾಕಿದ ಆರು ತಿಂಗಳೊಳಗೆ ಅವಳಿಗೆ ವಾಸದ ಕಾರ್ಡು ಕೊಡಬೇಕು ಅಂತ ನಿಯಮ. ಸಾಮಾನ್ಯವಾಗಿ ಐದು ವರ್ಷದ್ದು. ಆದರೆ ನಾಳೆ ಗಂಡ ಡಬ್ಲಿನ್‌ಗೆ ವಾಪಸ್ ಹೊರಟರೆ ಈ ಡಚ್ ಕಾರ್ಡು ಅಲ್ಲಿ ವಾಸಕ್ಕೆ ಸಾಲದು. ಅಲ್ಲಿ ಬೇರೆ ಅರ್ಜಿ.

ಇಬ್ಬರಿಗೂ ಬೇಕಾದದ್ದು ನೋಂದಣಿಯಾದ ಮದುವೆಯ ಪ್ರಮಾಣಪತ್ರ, ಅದರ ಮೇಲೆ ಅಪಾಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಹೊರದೇಶದವರಿಗೆ ತೋರಿಸಲು ಸರ್ಕಾರ ಹಾಕುವ ಮುದ್ರೆ. ಹಾಸನದವರು ಕಳಿಸಿದ್ದು ಛತ್ರದ ರಸೀದಿ, ಲಗ್ನಪತ್ರಿಕೆ ಮತ್ತು ಮೂರು ಕಿಲೋ ಆಲ್ಬಮ್. ಮುಹೂರ್ತದ ಫೋಟೋ ಚೆನ್ನಾಗಿ ಬಂದಿದೆ, ಅದು ಬೇರೆ ಮಾತು. ಕೇಳಿದ ಮೇಲೆ ಬಂದ ಮದುವೆ ಪ್ರಮಾಣಪತ್ರದಲ್ಲಿ ಹುಡುಗಿಯ ಹೆಸರಿನ ಹಿಂದೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದು ಅಪ್ಪನ ಹೆಸರು. ಅದನ್ನು ಸರಿಮಾಡಿಸಲು ಉಪನೋಂದಣಾಧಿಕಾರಿ ಕಚೇರಿಗೆ ಕಳಿಸಿದ್ದೇನೆ.

ಹುಡುಗಿ ಮಾತ್ರ ಓದಲು ಕೂತಿದ್ದಾಳೆ. ಮೊನ್ನೆ ಅಪ್ಪನದೇ ಫೋನು: "ಬೆಳಗ್ಗೆ ಎದ್ದು ಗಂಟಲು ಕೆರೆದುಕೊಂಡ ಹಾಗೆ ಏನೋ ಖ್ಖ ಖ್ಖ ಅಂತಾಳೆ ಸಾರ್. ಇದೇನಾ ಡಚ್ಚು?"

ಅದೇ ಎಂದೆ.