ರಾಶಿಯಿಲ್ಲದ ಕಲ್ಲಿದ್ದಲು ಜೆಟ್ಟಿ

1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಶಿವನಸಮುದ್ರದ ನೀರಿನ ಬಲದಿಂದ. ಈ ಊರಿಗೂ ಕಲ್ಲಿದ್ದಲಿಗೂ ಇರುವ ನಂಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಅಡಗಿರುವುದು ಉಕ್ಕಿನಲ್ಲಿ. ಕಬ್ಬಿಣ ಕರಗಿಸುವ ಊದುಕುಲುಮೆಗೆ ಕೋಕ್, ಅಂದರೆ ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು ಬೇಕು, ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಹಾಗಾಗಿ ಕೋಕ್‌ಗೆ ಒದಗುವ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಆಸ್ಟ್ರೇಲಿಯಾ, ಅಮೆರಿಕದಂಥ ದೇಶಗಳಿಂದ ಬರುತ್ತದೆ. ಅಮೆರಿಕದಲ್ಲಿ ಅದು ಹಡಗೇರುವ ದೊಡ್ಡ ಜಾಗಗಳಲ್ಲೊಂದು ವರ್ಜೀನಿಯಾದ ನಾರ್ಫೋಕ್‌ನಲ್ಲಿರುವ ಲ್ಯಾಂಬರ್ಟ್ಸ್ ಪಾಯಿಂಟ್.

ಪೊಕಾಹೊಂಟಾಸ್ ಗಣಿಗಳ ಮೊದಲ ಕಲ್ಲಿದ್ದಲು ನಾರ್ಫೋಕ್ ತಲುಪಿದ್ದು 1883ರ ಮಾರ್ಚ್‌ನಲ್ಲಿ, ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲಿನಲ್ಲಿ. ಆ ಕಾಲದ ಜೆಟ್ಟಿಗಳಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಗಳಲ್ಲಿ, ಹಳಿಯನ್ನೇ ಎತ್ತರದ ಅಟ್ಟಣೆಯ ಮೇಲೆ ಒಯ್ದು, ವ್ಯಾಗನ್ನಿನ ತಳದ ಬಾಗಿಲು ತೆರೆದು ಕಲ್ಲಿದ್ದಲನ್ನು ಹಡಗಿಗೆ ಜಾರಿಸುತ್ತಿದ್ದರು. ಏರಿನಲ್ಲಿ ವ್ಯಾಗನ್ ದೂಡುತ್ತಿದ್ದ ಪುಟ್ಟ ಗಾಡಿಗೆ ಬಾರ್ನಿ ಎಂದು ಹೆಸರು. ಗಾಡಿ ಹೋದರೂ ವ್ಯಾಗನ್ ನಿಲ್ಲುವ ಯಾರ್ಡ್ ಇಂದಿಗೂ ಬಾರ್ನಿ ಯಾರ್ಡ್ ಆಗಿಯೇ ಉಳಿದಿದೆ. ಲ್ಯಾಂಬರ್ಟ್ಸ್ ಪಾಯಿಂಟ್‌ನ ಈಗಿನ 6ನೇ ಜೆಟ್ಟಿ 1960ರ ದಶಕದ ಆರಂಭದ್ದು. ಉದ್ದ 1,850 ಅಡಿ, ಅದರ ಮೇಲೆ ಹಡಗಿಗೆ ಕಲ್ಲಿದ್ದಲು ಸುರಿಯುವ ಎರಡು ಲೋಡರ್‌ಗಳು, ಒಂದೊಂದರ ಸಾಮರ್ಥ್ಯ ಗಂಟೆಗೆ 8,000 ಟನ್. 1982ರಿಂದ ಇದು ನಾರ್ಫೋಕ್ ಸದರ್ನ್ ರೈಲು ಕಂಪನಿ ಗುಂಪಿನದು.

ಇಲ್ಲಿ ನೆಲದ ಮೇಲೆ ಕಲ್ಲಿದ್ದಲಿನ ಗುಡ್ಡೆ ಇರುವುದಿಲ್ಲ. ಹಡಗು ಬರುವ ತನಕ ಸರಕು ವ್ಯಾಗನ್ನಿನಲ್ಲೇ ಕಾಯುತ್ತದೆ. ಈ ಜೆಟ್ಟಿಯ ಒಳಿತು ಕೆಡುಕು ಎರಡಕ್ಕೂ ಮೂಲ ಇದೇ. ಒಂದು ವ್ಯಾಗನ್ನಿಗೆ ಸುಮಾರು 100 ಟನ್ ಎಂದರೆ 70,000 ಟನ್ನಿನ ಹಡಗಿಗೆ 700 ವ್ಯಾಗನ್ ಬೇಕು. ನಮ್ಮ ರೈಲ್ವೆಯ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನುಗಳ ರೇಕು, ಅಂದರೆ ಇಡೀ ಗೂಡ್ಸ್ ರೈಲು, ಸುಮಾರು ಇಪ್ಪತ್ತು ಬೇಕು. ಕೊಳ್ಳುವವರು ಬೂದಿ, ಗಂಧಕ, ಆವಿಯಾಗುವ ಅಂಶ ಇಂತಿಷ್ಟೇ ಇರಬೇಕೆಂದು ಕರಾರು ಮಾಡಿರುತ್ತಾರೆ. ಒಂದು ಗಣಿಯ ಎರಡು ವ್ಯಾಗನ್, ಇನ್ನೊಂದರ ಒಂದು ಎಂಬ ಸರದಿಯಲ್ಲಿ ಬಿಟ್ಟರೆ ಹಡಗಿನತ್ತ ಒಯ್ಯುವ ಬೆಲ್ಟಿನ ಮೇಲೇ ಮಿಶ್ರಣವಾಗುತ್ತದೆ. ಸರದಿ ತಪ್ಪಿದರೆ ಹಡಗಿನೊಳಗೆ ಬಿದ್ದದ್ದನ್ನು ಬೇರ್ಪಡಿಸಲಾಗದು. ಇನ್ನು ಹಡಗು ತಡವಾದರೆ ವ್ಯಾಗನ್ನುಗಳು ಸಿಕ್ಕಿಹಾಕಿಕೊಂಡು, ಗಣಿಗೆ ಖಾಲಿ ವ್ಯಾಗನ್ ಹೋಗುವುದಿಲ್ಲ.

ವ್ಯಾಗನ್ ಇಳಿಜಾರಿನಲ್ಲಿ ಉರುಳಿ ಡಂಪರ್ ಸೇರುತ್ತದೆ. ಡಂಪರ್ ಅದನ್ನು ಬಿಗಿಹಿಡಿದು ಮಗುಚುತ್ತದೆ. ರಾಯಚೂರು ಶಾಖೋತ್ಪನ್ನ ಸ್ಥಾವರದಲ್ಲಿ ವ್ಯಾಗನ್ ಟಿಪ್ಲರ್ ಮಾಡುವುದೂ ಇದೇ ಕೆಲಸ. ಚಳಿಗಾಲದಲ್ಲಿ ಒದ್ದೆ ಕಲ್ಲಿದ್ದಲು ಹೆಪ್ಪುಗಟ್ಟಿ ವ್ಯಾಗನ್ನಿಗೇ ಅಂಟಿಕೊಳ್ಳುವುದರಿಂದ ಅದನ್ನು ಮೊದಲು ಶೆಡ್ಡಿನಲ್ಲಿ ಕಾಯಿಸಬೇಕು.

ಒಂದು ಲೋಡರಿನ ವೇಗ ನೋಡಿ ಒಂಬತ್ತು ಗಂಟೆಯಲ್ಲಿ ಕೆಲಸ ಮುಗಿದೀತು ಎಂದುಕೊಳ್ಳಬಾರದು. ಕಲ್ಲಿದ್ದಲು ತುಂಬಿದಂತೆ ಹಡಗು ತನ್ನ ನಿಲುಭಾರದ ನೀರನ್ನು, ಅಂದರೆ ಖಾಲಿಯಿದ್ದಾಗ ಸ್ಥಿರವಾಗಿರಲು ತುಂಬಿಕೊಂಡ ನೀರನ್ನು, ಹೊರಹಾಕಬೇಕು. ಸರಕು ತುಂಬುವ ಒಂದೇ ಅಂಕಣಕ್ಕೆ ಸುರಿದರೆ ಹಡಗಿನ ಬೆನ್ನು ಬಾಗುತ್ತದೆ. ಅದಕ್ಕೇ ಅಂಕಣದಿಂದ ಅಂಕಣಕ್ಕೆ, ಸುತ್ತು ಸುತ್ತಾಗಿ ತುಂಬುತ್ತಾರೆ. ಕೊನೆಗೆ ಹಡಗು ಎಷ್ಟು ಮುಳುಗಿದೆ ಎಂದು ಅಳೆದು ತೂಕ ನಿರ್ಧರಿಸುತ್ತಾರೆ.

ಗುಡ್ಡೆ ಹಾಕುವ ಜೆಟ್ಟಿಗಳ ಅಪಾಯವೇ ಬೇರೆ. 2021ರ ಡಿಸೆಂಬರ್ 30ರಂದು ಬಾಲ್ಟಿಮೋರ್‌ನ ಕರ್ಟಿಸ್ ಬೇಯಲ್ಲಿ, ರಾಶಿಯ ಕೆಳಗಿನ ಬೆಲ್ಟ್ ಸುರಂಗದಲ್ಲಿ ಮೀಥೇನ್ ಸೇರಿಕೊಂಡು ಸ್ಫೋಟವಾಯಿತು. ಲ್ಯಾಂಬರ್ಟ್ಸ್ ಪಾಯಿಂಟ್‌ನ ಕಷ್ಟ ಧೂಳು. ತೆರೆದ ವ್ಯಾಗನ್ನುಗಳು ದಿನಗಟ್ಟಲೆ ಗಾಳಿಗೆ ನಿಂತಿರುವಾಗ ನೆರೆಯ ಬಡಾವಣೆಯವರ ದೂರು ಅತಿಶಯವಲ್ಲ. ನೀರು ಚಿಮುಕಿಸಿದರೆ ಧೂಳು ಅಡಗೀತು. ಆದರೆ ಪುಡಿ ಕಲ್ಲಿದ್ದಲಿನ ತೇವ ಮಿತಿ ಮೀರಿದರೆ ಕಡಲಿನ ಕುಲುಕಾಟಕ್ಕೆ ಅದು ಕೆಸರಿನಂತೆ ಹರಿದು ಹಡಗನ್ನೇ ವಾಲಿಸಬಹುದು. ಹಾಗಾಗಿ ಬರೀ ನೀರನ್ನು ನೆಚ್ಚಿಕೊಳ್ಳುವಂತಿಲ್ಲ, ವ್ಯಾಗನ್ನಿಗೆ ಮುಚ್ಚಳವೇ ಬೇಕು.