ಸೈಮನ್ ಆಯೋಗದ ಹಿಂದಿದ್ದ ವಕೀಲ: ಎಫ್. ಇ. ಸ್ಮಿತ್

ಭಾರತದ ಆಡಳಿತ ಪರಿಶೀಲಿಸಲು ಬ್ರಿಟನ್ ನೇಮಿಸಿದ ಸೈಮನ್ ಆಯೋಗ ಅಂದ ತಕ್ಷಣ '1927, ಏಳು ಸದಸ್ಯರು, ಒಬ್ಬ ಭಾರತೀಯನೂ ಇಲ್ಲ' ಅಂತ ನಮಗೆಲ್ಲ ಬಾಯಿಪಾಠ ಬರುತ್ತದೆ. ಆಗ ಲಂಡನ್ನಿನಲ್ಲಿ ಭಾರತ ಖಾತೆ ಯಾರ ಕೈಲಿತ್ತು ಅಂತ ಕೇಳಿದರೆ ಮಾತ್ರ ತಡವರಿಸುತ್ತೇವೆ, ಅಲ್ವಾ? ಅವರು ಲಾರ್ಡ್ ಬರ್ಕನ್‌ಹೆಡ್. ಮೊದಲ ಹೆಸರು ಫ್ರೆಡರಿಕ್ ಎಡ್ವಿನ್ ಸ್ಮಿತ್.

ಹುಟ್ಟಿದ್ದು 1872ರಲ್ಲಿ, ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ. ಓದಿದ್ದು ಆಕ್ಸ್‌ಫರ್ಡ್‌ನ ವಾಡಮ್ ಕಾಲೇಜಿನಲ್ಲಿ. ಮುಂದೆ ಆಯೋಗದ ಅಧ್ಯಕ್ಷರಾದ ಜಾನ್ ಸೈಮನ್ ಕೂಡ ಅದೇ ಕಾಲದಲ್ಲಿ ಅಲ್ಲೇ ಇದ್ದರು! 1899ರಲ್ಲಿ ಸ್ಮಿತ್ ಬ್ಯಾರಿಸ್ಟರ್ ಆದರು. ಆಗ ಇಂಗ್ಲೆಂಡಿನಲ್ಲಿ ಕಕ್ಷಿದಾರರ ಕಾಗದಪತ್ರ ನೋಡಿಕೊಳ್ಳುವವರು ಸಾಲಿಸಿಟರ್, ಮೇಲಿನ ಕೋರ್ಟುಗಳಲ್ಲಿ ನಿಂತು ವಾದಿಸುವವರು ಬ್ಯಾರಿಸ್ಟರ್. ಎದುರಾಳಿಯನ್ನು ಮಾತಿನಲ್ಲೇ ಕೆಡವುವುದು ಸ್ಮಿತ್‌ಗೆ ನೀರು ಕುಡಿದಷ್ಟು ಸುಲಭ.

1906ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ನೆಲಕಚ್ಚಿತು. ಸ್ಮಿತ್ ಮಾತ್ರ ಲಿವರ್‌ಪೂಲ್‌ನ ವಾಲ್ಟನ್‌ನಿಂದ ಗೆದ್ದರು. ಹೊಸ ಸದಸ್ಯರು ಮೊದಲ ಭಾಷಣವನ್ನು ತಣ್ಣಗೆ ಮುಗಿಸುವುದು ಅಲ್ಲಿನ ಸಂಸತ್ತಿನ ರೂಢಿ. ಇವರು ಗೆದ್ದ ಲಿಬರಲ್ಲರನ್ನೇ ಗೇಲಿ ಮಾಡಿ ಒಂದೇ ದಿನಕ್ಕೆ ಹೆಸರಾದರು. 1915ರಲ್ಲಿ ಅಟಾರ್ನಿ ಜನರಲ್ ಆದರು.

1916ರ ಕೇಸ್‌ಮೆಂಟ್ ಮೊಕದ್ದಮೆ ಸ್ವಲ್ಪ ನಿಂತು ಓದಬೇಕಾದದ್ದು. ಐರಿಷ್ ದಂಗೆಗೆ ಜರ್ಮನಿಯ ನೆರವು ಕೇಳಿದ್ದ ರೋಜರ್ ಕೇಸ್‌ಮೆಂಟ್ ಮೇಲೆ ರಾಜದ್ರೋಹದ ಆರೋಪ. ಸರ್ಕಾರದ ಪರ ವಾದಿಸಿದ್ದು ಸ್ಮಿತ್. ತಮಾಷೆ ಏನೆಂದರೆ, ಮೊದಲ ಮಹಾಯುದ್ಧಕ್ಕೆ ಮುಂಚೆ ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬಾರದು ಅಂತ ಐರ್ಲೆಂಡಿನ ಉತ್ತರ ಭಾಗದ ಅಲ್‌ಸ್ಟರ್‌ನವರು ಬಂದೂಕು ಕೂಡಿಸಿದಾಗ ಬೆನ್ನಿಗೆ ನಿಂತವರಲ್ಲಿ ಇದೇ ಸ್ಮಿತ್ ಇದ್ದರು. ಕೇಸ್‌ಮೆಂಟ್ ಕಟಕಟೆಯಿಂದ ಅದನ್ನೇ ಚುಚ್ಚಿದರು: ಅವರು ಹಿಡಿದ ದಾರಿ ಉಣ್ಣೆಯ ಆಸನಕ್ಕೆ ಹೋಗುತ್ತದೆ, ನನ್ನದು ಕಟಕಟೆಗೆ ಬಂತು ಅನ್ನುವ ಅರ್ಥದಲ್ಲಿ. ಉಣ್ಣೆಯ ಆಸನ ಅಂದರೆ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಆಗ ಲಾರ್ಡ್ ಚಾನ್ಸಲರ್ ಕೂರುತ್ತಿದ್ದ ಉಣ್ಣೆ ತುಂಬಿದ ಪೀಠ. ಕೇಸ್‌ಮೆಂಟ್‌ಗೆ ಆಗಸ್ಟ್‌ನಲ್ಲಿ ಗಲ್ಲಾಯಿತು. 1919ರಲ್ಲಿ, 46ನೇ ವಯಸ್ಸಿಗೆ, ಸ್ಮಿತ್ ಆ ಪೀಠದಲ್ಲೇ ಕೂತರು. ಆಗ ಆ ಹುದ್ದೆಯಲ್ಲಿ ನ್ಯಾಯಾಂಗದ ಮುಖ್ಯಸ್ಥ, ಮಂತ್ರಿ, ಲಾರ್ಡ್ಸ್ ಸಭಾಪತಿ ಮೂರೂ ಸೇರಿದ್ದವು. 1921ರಲ್ಲಿ ಐರ್ಲೆಂಡಿನ ಬಹುಭಾಗಕ್ಕೆ ಸ್ವಯಮಾಡಳಿತ ಕೊಟ್ಟ ಐರಿಷ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲೂ ಇವರಿದ್ದರು. ಹಳೇ ಅಲ್‌ಸ್ಟರ್ ಗೆಳೆಯರು ಉರಿದುಬಿದ್ದರು.

1924ರಿಂದ 1928ರವರೆಗೆ ಭಾರತ ಮಂತ್ರಿ. ಭಾರತದ ಆಡಳಿತದ ಬಗ್ಗೆ ಬ್ರಿಟನ್ ಮಾಡಿದ್ದ 1919ರ ಕಾಯ್ದೆ ಪ್ರಕಾರ ಅದನ್ನು ಪರಿಶೀಲಿಸುವ ಆಯೋಗ ಹತ್ತು ವರ್ಷಕ್ಕೆ ಬರಬೇಕಿತ್ತು. ಮುಂದಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದರೆ ಆಯ್ಕೆ ಅವರ ಕೈಗೆ ಹೋಗುತ್ತದೆ ಎಂಬ ಭಯ ಸ್ಮಿತ್‌ಗೆ. ಅದಕ್ಕೇ 1927ರಲ್ಲೇ ಅವಸರ. ಇಷ್ಟು ಗೊತ್ತಿದ್ದರೆ 'ಎರಡು ವರ್ಷ ಮುಂಚೆ ಯಾಕೆ?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಜೊತೆಗೆ ಕೋರ್ಟಿನ ಹಳೇ ಚಟ ಬಿಡಲಿಲ್ಲ. ಎಲ್ಲರೂ ಒಪ್ಪುವ ಸಂವಿಧಾನವೊಂದನ್ನು ನೀವೇ ಬರೆದು ತೋರಿಸಿ ಅಂತ ಭಾರತೀಯರನ್ನು ಕೆಣಕಿದರು. ಈ ಸಲ ಎದುರಿಗೂ ವಕೀಲರೇ ಇದ್ದರು. ಮೋತಿಲಾಲ್ ನೆಹರೂ ಅಧ್ಯಕ್ಷತೆಯ ಸಮಿತಿ 1928ರ ಆಗಸ್ಟ್‌ನಲ್ಲಿ ವರದಿ ಮುಂದಿಟ್ಟಿತು. ಜಿನ್ನಾ ಅದನ್ನು ಒಪ್ಪಲಿಲ್ಲ, ನಿಜ. ಅಷ್ಟರಲ್ಲಿ ಸ್ಮಿತ್ ಅಕ್ಟೋಬರ್‌ನಲ್ಲೇ ಖಾತೆ ಬಿಟ್ಟು, ಜಾಸ್ತಿ ದುಡ್ಡು ಬರುವ ಕಂಪನಿ ಹುದ್ದೆಗಳ ಕಡೆ ಹೊರಟಿದ್ದರು.