ಬ್ಲಾಕ್ ಮೇಲಿನ ವೆಲ್ಡಿಂಗ್ ಗುರುತು ಫೌಂಡ್ರಿಯದೋ, ಬಿರುಕಿನದೋ?

ಪ್ರಶ್ನೆ: ಹಳೆಯ ಟ್ರಕ್ ಎಂಜಿನ್ ಬಿಚ್ಚಿ ತೊಳೆದಾಗ ಬ್ಲಾಕ್ ಪಕ್ಕದಲ್ಲಿ ಬೆರಳುದ್ದದ ವೆಲ್ಡಿಂಗ್ ಕಾಣಿಸಿತು. ಅದು ಫ್ಯಾಕ್ಟರಿಯಲ್ಲೇ ಆದದ್ದು, ಹೆದರಬೇಡಿ ಅನ್ನುತ್ತಾರೆ. ನಂಬಬಹುದೇ?

ಇರಬಹುದಾದ ಮಾತೇ. ಬ್ಲಾಕಿನೊಳಗೆ ನೀರು ಓಡಾಡುವ ಜಾಗವೆಲ್ಲ ಎರಕದ ಹೊತ್ತಿನಲ್ಲಿ ಮರಳಿನ ಕೋರ್ (ಒಳಗೆ ಟೊಳ್ಳು ಉಳಿಯಲೆಂದು ಅಚ್ಚಿನಲ್ಲಿ ಇಡುವ ಮರಳಿನ ಆಕೃತಿ) ಇದ್ದ ಜಾಗ. ಕೋರಿನ ಅಂಟು ಸುಟ್ಟು ಎದ್ದ ಗ್ಯಾಸ್ ಹೊರಹೋಗದಿದ್ದರೆ ಗುಳ್ಳೆ ಉಳಿಯುತ್ತದೆ. ಉದುರಿದ ಮರಳು ಸಿಕ್ಕಿಕೊಂಡರೆ ಗುಂಡಿ. ಒತ್ತಡ ಬೀಳದ ಜಾಗದಲ್ಲಿ ಇಂಥವು ಸಿಕ್ಕರೆ ಫೌಂಡ್ರಿಯವರು ಇಡೀ ಬ್ಲಾಕ್ ಎಸೆಯದೆ ವೆಲ್ಡ್ ಮಾಡಿಯೋ, ಥ್ರೆಡ್ ಹಾಕಿದ ಪ್ಲಗ್ ತಿರುಗಿಸಿಯೋ ಮುಚ್ಚುತ್ತಿದ್ದರು. ಸೂಜಿಮೊನೆಯಷ್ಟು ತೂತುಗಳಿಗೆ ಸೋಡಿಯಂ ಸಿಲಿಕೇಟ್ ಒತ್ತಿ ತುಂಬುವ ಪದ್ಧತಿಯೂ ಇತ್ತು.

ಫೌಂಡ್ರಿಯ ವೆಲ್ಡ್ ಸಾಮಾನ್ಯವಾಗಿ ಮಷೀನಿಂಗ್‌ಗೆ ಮೊದಲು ಆಗಿರುತ್ತದೆ. ಅದು ಮಷೀನ್ ಮಾಡಿದ ಮುಖದವರೆಗೆ ಬಂದಿದ್ದರೆ, ಕಟರಿನ ಗೆರೆ ವೆಲ್ಡ್ ಮೇಲೂ ಎರಕದ ಮೇಲೂ ಒಂದೇ ಮಟ್ಟದಲ್ಲಿ ಹಾದುಹೋಗಿರುತ್ತದೆ. ಆಕಾರ ಹೆಚ್ಚಾಗಿ ದುಂಡಗೆ ಅಥವಾ ತೇಪೆಯಂತೆ. ಮೊದಲ ಪದರದ ಬಣ್ಣ ಅದರ ಮೇಲೆ ಹಬ್ಬಿರುತ್ತದೆ. ಬಣ್ಣವನ್ನು ಪದರ ಪದರವಾಗಿ ಕೆರೆದು ನೋಡಿ, ಮೇಲಿನ ಬಣ್ಣ ಏನನ್ನೂ ಸಾಬೀತು ಮಾಡುವುದಿಲ್ಲ. ಆಮೇಲಿನ ರಿಪೇರಿಯಾದರೆ ಗೆರೆ ಉದ್ದಕ್ಕೆ, ಬ್ಲಾಕಿನ ಮೇಲ್ಮುಖಕ್ಕೆ ಸಮಾನಾಂತರವಾಗಿ ಓಡಿರುವುದೇ ಹೆಚ್ಚು. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗಿ ಜಾಕೆಟ್ಟಿನ (ಸಿಲಿಂಡರ್ ಸುತ್ತ ನೀರು ಓಡಾಡುವ ಜಾಗದ) ತೆಳು ಗೋಡೆಯನ್ನು ಹಾಗೆಯೇ ಸೀಳುತ್ತದೆ. ಎರಡೂ ತುದಿಯಲ್ಲಿ ಸುಮಾರು 3 ಮಿ.ಮೀ. ತೂತು ಕೊರೆದು ಮುಚ್ಚಿದ ಗುರುತಿದ್ದರೆ ಸಂಶಯವೇ ಬೇಡ, ಅದು ಬಿರುಕು ಮುಂದೆ ಓಡದಿರಲೆಂದು ಕೊರೆದದ್ದು.

ಆದರೂ ಯಾರು ಮಾಡಿದರು ಎನ್ನುವುದಕ್ಕಿಂತ ಎಲ್ಲಿ ಮಾಡಿದ್ದಾರೆ ಎನ್ನುವುದೇ ದೊಡ್ಡದು. ನೀರಿನ ಜಾಕೆಟ್ಟಿನ ಹೊರಗೋಡೆಯ ಮೇಲೆ ಬೀಳುವ ಒತ್ತಡ 1 ಬಾರ್ ಆಸುಪಾಸು. ಅಲ್ಲಿ ಒಳ್ಳೆಯ ವೆಲ್ಡ್ ವರ್ಷಗಟ್ಟಲೆ ಬಾಳುತ್ತದೆ. ಮೇನ್ ಬೇರಿಂಗ್ ಹಿಡಿದ ಗೋಡೆ, ಹೆಡ್ ಬೋಲ್ಟಿನ ತೂತಿನ ಸುತ್ತ, ಎರಡು ಸಿಲಿಂಡರ್ ನಡುವಿನ ಸೇತುವೆ, ಆಯಿಲ್ ಗ್ಯಾಲರಿ (ಎಣ್ಣೆ ಹರಿಯುವ ಒಳದಾರಿ): ಇಲ್ಲಿ ವೆಲ್ಡ್ ಕಂಡರೆ ಬೇರೆ ಬ್ಲಾಕ್ ಹುಡುಕುವುದೇ ಲೇಸು.

ಪರೀಕ್ಷೆಗೆ ಮುನ್ನ ವೈರ್ ಬ್ರಷ್ ಮತ್ತು ಸಾಲ್ವೆಂಟ್‌ನಿಂದ ಶುಚಿ ಮಾಡಿ. ಗ್ರಿಟ್ ಬ್ಲಾಸ್ಟಿಂಗ್ ಬೇಡ, ಅದು ಬಿರುಕಿನ ಬಾಯನ್ನು ಬಡಿದು ಮುಚ್ಚಿಬಿಡುತ್ತದೆ. ಮ್ಯಾಗ್ನೆಟಿಕ್ ಪೌಡರ್ ಪರೀಕ್ಷೆಯನ್ನು (ಬ್ಲಾಕಿಗೆ ಕಾಂತಕ್ಷೇತ್ರ ಕೊಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಬಿರುಕಿನ ಮೇಲೆ ಪುಡಿ ಸೇರುತ್ತದೆ) ಎರಡು ದಿಕ್ಕಿನಲ್ಲಿ ಮಾಡಬೇಕು. ಕಾಂತಕ್ಷೇತ್ರಕ್ಕೆ ಸಮಾನಾಂತರವಾದ ಬಿರುಕು ಕಾಣುವುದಿಲ್ಲ. ನಿಕಲ್ ರಾಡಿನ ವೆಲ್ಡ್ ಆದರೆ ಅಂಚಿನುದ್ದಕ್ಕೂ ಸುಳ್ಳು ಗೆರೆ ಮೂಡಬಹುದು, ಅದನ್ನು ಡೈ ಪೆನೆಟ್ರೆಂಟ್‌ನಿಂದ (ಬಿರುಕಿನೊಳಗೆ ಇಳಿದು ಮತ್ತೆ ಮೇಲೆ ಮೂಡುವ ಬಣ್ಣದ ದ್ರವ) ಖಚಿತಪಡಿಸಿಕೊಳ್ಳಿ. ಚುಕ್ಕಿಗಳು ಬಂದರೆ ರಂಧ್ರ, ಗೆರೆ ಬಂದರೆ ಬಿರುಕು. ಕೊನೆಗೆ ಜಾಕೆಟ್ಟಿನ ಬಾಯಿಗಳನ್ನೆಲ್ಲ ಮುಚ್ಚಿ 2–3 ಬಾರ್ ಗಾಳಿ ತುಂಬಿ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮುಳುಗಿಸಿ. ತಣ್ಣಗಿದ್ದಾಗ ಬಿಗಿಯಾಗಿರುವ ಎಷ್ಟೋ ಬಿರುಕುಗಳು ಬಿಸಿಯಾದ ಮೇಲೆಯೇ ಗುಳ್ಳೆ ಬಿಡುತ್ತವೆ.

ಸೋರಿದರೆ ಹಳೆಯ ವೆಲ್ಡ್ ಮೇಲೆಯೇ ಇನ್ನೊಂದು ಸಾಲು ಎಳೆಯಬೇಡಿ. ಎರಕದ ಕಬ್ಬಿಣದಲ್ಲಿ ಇಂಗಾಲ ಹೆಚ್ಚು. ವೆಲ್ಡ್ ಬದಿಯ ಕಬ್ಬಿಣ ಬೇಗ ತಣಿದು ಗಾಜಿನಂತೆ ಗಟ್ಟಿಯಾಗುತ್ತದೆ, ಅರ ಜಾರುತ್ತದೆ, ಮುಂದಿನ ಬಿರುಕು ಅಲ್ಲೇ ಹುಟ್ಟುತ್ತದೆ. ಹಳೆಯದನ್ನು ಪೂರ್ತಿ ಉಜ್ಜಿ ತೆಗೆದು, ಬಿಸಿ ಮಾಡಿ ಒಳಗೆ ಹೀರಿದ ಎಣ್ಣೆಯನ್ನು ಸುಟ್ಟು, ನಿಕಲ್ ರಾಡಿನಲ್ಲಿ ಒಮ್ಮೆಗೆ 20–25 ಮಿ.ಮೀ. ಮಾತ್ರ ಹಾಕಬೇಕು. ಪ್ರತಿ ತುಂಡನ್ನೂ ಬಿಸಿಯಿರುವಾಗಲೇ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೈಯಿಟ್ಟರೆ ತಾಳುವಷ್ಟು ಆರಿದ ಮೇಲೆ ಮುಂದಿನದು. ನೀರಿನ ಜಾಕೆಟ್ಟಿಗೆ ವೆಲ್ಡಿಂಗ್ ಬದಲು ಪಿನ್ ಹೊಲಿಗೆ (ಬಿರುಕಿನುದ್ದಕ್ಕೂ ಥ್ರೆಡ್ ಪಿನ್‌ಗಳನ್ನು ಸಾಲಾಗಿ ತಿರುಗಿಸಿ ಮುಚ್ಚುವುದು) ಇನ್ನೂ ಮೇಲು, ಶಾಖದ ಕಾಟವೇ ಇಲ್ಲ.

ಬೋರ್ ಮಾಡಿಸುವ (ಸಿಲಿಂಡರನ್ನು ಕೊರೆದು ಅಗಲಿಸುವ) ಯೋಚನೆಯಿದ್ದರೆ, ಎರಕದ ಹೊತ್ತಿನಲ್ಲಿ ಕೋರ್ ಸರಿದಿದೆಯೇ ಎಂದೂ ಅಳೆಸಿ. ಈ ದೋಷಕ್ಕೆ ವೆಲ್ಡ್ ಗುರುತು ಇರುವುದಿಲ್ಲ. ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಎದುರು ಕಡೆ ತೆಳು. ಉಕ್ಕಿಗೆ ಹೊಂದಿಸಿದ ಅಲ್ಟ್ರಾಸಾನಿಕ್ ಗೇಜ್ ಎರಕದ ಕಬ್ಬಿಣವನ್ನು ಇದ್ದದ್ದಕ್ಕಿಂತ ದಪ್ಪ ತೋರಿಸುತ್ತದೆ. ಹಾಗಾಗಿ ಮೊದಲು ಕ್ಯಾಲಿಪರ್‌ನಿಂದ ಅಳೆಯಬಹುದಾದ ಜಾಗದಲ್ಲಿ ಹೊಂದಿಸಿ, ನಂತರ ಪ್ರತಿ ಸಿಲಿಂಡರಿನ ನಾಲ್ಕು ದಿಕ್ಕು, ಮೂರು ಎತ್ತರದಲ್ಲಿ ಅಳೆಯಿರಿ. ಪಿಸ್ಟನ್ ಒತ್ತುವ ಬದಿಯೇ ತೆಳುವಾಗಿದ್ದರೆ ಬೋರ್ ದೊಡ್ಡದು ಮಾಡುವ ಬದಲು ಸ್ಲೀವ್ (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಹಾಕಿಸಿ.